ಖಂಡೆ ಪೂಜೆಗೆ ಕೂತ ಡಿಜಿಟಲ್ ಕೀ

ದಸರೆ ಮುಗಿದು ಎರಡು ದಿನವಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ತೆಲುಗು ನಾಡಿನ ಕೂಕಟ್‌ಪಲ್ಲಿಯ ನಮ್ಮ ಸಣ್ಣ ಕಚೇರಿಗೆ ಸರ್ಪಂಚಮ್ಮ, ಎಂದರೆ ಒಂದು ಊರಿನ ಪಂಚಾಯಿತಿ ಅಧ್ಯಕ್ಷೆ, ಏದುಸಿರು ಬಿಡುತ್ತ ಬಂದರು. ಪಂಚಾಯಿತಿಗಳ ಬಜೆಟ್ಟನ್ನು ಕಂಪ್ಯೂಟರಿಗೆ ಏರಿಸಿಕೊಡುವುದು ಆಗ ನನ್ನ ಕೆಲಸ. ಹಬ್ಬದ ರಜೆ ಮುಗಿಸಿ ಬಂದ ನನಗೆ ಮೊದಲೇ ತಲೆ ಕೆಟ್ಟಿತ್ತು.

ಆಕೆ ಸೆರಗಿನ ಗಂಟು ಬಿಚ್ಚಿ ಡಿಜಿಟಲ್ ಕೀಯನ್ನು ಮೇಜಿನ ಮೇಲಿಟ್ಟರು. ನೋಡಲು ಪೆನ್ ಡ್ರೈವಿನಂತೆಯೇ ಇರುವ ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಸರ್ಪಂಚರ ಸಹಿ ಬೀಳುತ್ತದೆ. ಮಂಡಲ ಕಚೇರಿಯಲ್ಲಿ ಅದು ಕೆಲಸವನ್ನೇ ಮಾಡಲಿಲ್ಲವಂತೆ. ಹೊಸದು ಸಿಗಲು ವಾರ ಬೇಕು, ಬಜೆಟ್ ಮುಚ್ಚುವುದು ಅದೇ ಸಂಜೆ ಆರಕ್ಕೆ. ಅಷ್ಟರೊಳಗೆ ಸಹಿ ಬೀಳದಿದ್ದರೆ ಅವರ ಊರಿನ ಸಂತೆಗೆ ತಗಡಿನ ಮಾಡು ಹಾಕಿಸಲು ಇಟ್ಟ ಹಣ ಕೈಬಿಟ್ಟಂತೆಯೇ. ಕೊರೊನಾದಲ್ಲಿ ನಿಂತ ಆ ಸಂತೆ ಮತ್ತೆ ಕೂಡಿರಲೇ ಇಲ್ಲ. ಹೆಂಗಸರು ಬೆಳೆದ ತರಕಾರಿಯನ್ನು ಮನೆ ಬಾಗಿಲಿಗೆ ಬರುವ ದಲ್ಲಾಳಿಗೆ, ಅವನು ಹೇಳಿದ ಬೆಲೆಗೆ ಕೊಡುತ್ತಿದ್ದರು.

ಕೀಯನ್ನು ತಿರುಗಿಸಿ ನೋಡಿದೆ. ತುದಿಯ ಸಂದಿಯಲ್ಲೆಲ್ಲ ಅರಿಸಿನ, ಕುಂಕುಮ ಗಟ್ಟಿಯಾಗಿ ಕೂತಿತ್ತು.

ತೆಲುಗಿನಲ್ಲಿ ಚೆನ್ನಾಗಿ ರೇಗಿದೆ. ಆಕೆ ಪೆಚ್ಚಾಗಿ ತಮ್ಮಷ್ಟಕ್ಕೇ ಗೊಣಗಿದರು: "ಖಂಡೆ ಪೂಜಿ ದಿನ ಕುಡಗೋಲಿಗೆ, ತಕ್ಕಡಿಗೆ ಎಲ್ಲಾಕ್ಕೂ ಕುಂಕುಮ ಹಚ್ಚಿ ಇದೊಂದನ್ನ ಹೆಂಗ ಬಿಡ್ಲಿ? ಊರಿನ ಕೆಲಸೆಲ್ಲಾ ಇದರಿಂದನ ನಡಿತೈತಿ."

ಬೀದರಿನ ನಮ್ಮವ್ವನೇ ಮಾತಾಡಿದಂತಾಯಿತು. ಸಿಟ್ಟು ಎಲ್ಲಿ ಹೋಯಿತೋ! "ಕನ್ನಡದವರೇನ್ರಿ ಅಕ್ಕಾ?" ಎಂದೆ.

"ಗಡಿಯಾಗಿನ ಊರ್ರಿ ನಮ್ದು. ಇನ್ನೂ ಬೈಯೂದಿದ್ರ ಕನ್ನಡದಾಗ ಬೈರಿ, ಜೀವಕ್ಕ ಸಮಾಧಾನ ಆಕೈತಿ."

ಹೊಸ ಹಲ್ಲುಜ್ಜುವ ಬ್ರಷ್ಷು ತಂದು, ಸ್ಪಿರಿಟ್ಟಿನಲ್ಲಿ ಅದ್ದಿ ತಿಕ್ಕತೊಡಗಿದೆ. ಆಕೆ ಪಕ್ಕದಲ್ಲೇ ನಿಂತು "ಸಾವಕಾಶ ರೀ, ಸಾವಕಾಶ" ಎನ್ನುತ್ತಿದ್ದರು. ಮೂರು ಸಲ ಚುಚ್ಚಿದರೂ ಕಂಪ್ಯೂಟರ್ ಜಪ್ಪಯ್ಯ ಅನ್ನಲಿಲ್ಲ. ಮತ್ತೆ ತಿಕ್ಕಿದೆ, ಒಣಗಿಸಿದೆ. ನಾಲ್ಕನೆಯ ಸಲಕ್ಕೆ ಒಪ್ಪಿಕೊಂಡಿತು. ಸಹಿ ಬಿದ್ದಾಗ ಐದೂಮುಕ್ಕಾಲು. ಆಕೆ ಕುರ್ಚಿಯಲ್ಲಿ ಕುಸಿದು ಕೂತು ಅತ್ತುಬಿಟ್ಟರು. ನನಗೂ ಅಳು ಬಂತು, ಮುಚ್ಚಿಟ್ಟು ಏನು ಪ್ರಯೋಜನ?

ಆಕೆ ಕರೆದಿದ್ದರೆಂದು ಬೇಸಿಗೆಯಲ್ಲಿ ಆ ಊರಿಗೆ ಹೋದೆ. ಅಷ್ಟರಲ್ಲಿ ಅವರ ಸರ್ಪಂಚಗಿರಿಯ ಅವಧಿ ಮುಗಿದಿತ್ತು. ತಗಡಿನ ನೆರಳಲ್ಲಿ ಸಂತೆ ಭರ್ತಿಯಾಗಿತ್ತು. ದಲ್ಲಾಳಿಗಳೂ ಅಲ್ಲೇ ಬಂದು ಚೌಕಾಸಿ ಮಾಡುತ್ತಿದ್ದರು. ಸಾಲಿನ ಕೊನೆಯಲ್ಲಿ ಆಕೆ ಬದನೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದರು. ಪಂಚಾಯಿತಿಯ ಪರವಾಗಿ ಜಾಗದ ಶುಲ್ಕ ಎತ್ತುವವನು ಆಕೆಯನ್ನು ನೋಡಿ, "ಮಾಡು ಹಾಕಿಸಿದವ್ರ ನೀವು, ನಿಮ್ಮ ಕಡೆ ಹೆಂಗ ತಗೋಲಿ?" ಎಂದು ಮುಂದೆ ಹೊರಟ.

ಆಕೆ ಅವನ ಅಂಗಿ ಹಿಡಿದೆಳೆದು ಹತ್ತು ರೂಪಾಯಿ ಕೈಗೆ ತುರುಕಿದರು.

"ರಸೀದಿ ಹರಿ ಮೊದಲ. ಕೆಳಗ ಕಲ್ಲು ಹಾಸೂದು ಇನ್ನೂ ಬಾಕಿ ಐತಿ."