ಬಾಗಿಲು ನಿಲ್ಲಿಸಿದ ಮೇಲೆ

ಮರಿಸ್ವಾಮಿಯ ಹೆಸರನ್ನು ನಾನು ಮೊದಲು ಕೇಳಿದ್ದು ಬೈಗುಳದಲ್ಲಿ. ಆಗ ನಾವು ಟಿ. ನರಸೀಪುರದಲ್ಲಿದ್ದೆವು, ನಮ್ಮ ಯಜಮಾನರು ಇನ್ನೂ ಇದ್ದರು. ಎದುರುಮನೆಯ ರಾಮಯ್ಯನವರು ಹೊಸ ಮನೆ ಕಟ್ಟಿಸುತ್ತಿದ್ದರು. ಒಂದು ಬೆಳಿಗ್ಗೆ ಪೂಜೆಗೆ ಒಯ್ದ ಹೂವನ್ನು ಹಾಗೇ ವಾಪಸು ಹಿಡಿದುಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂತುಬಿಟ್ಟರು.

"ಆ ಬನ್ನೂರು ಮೇಸ್ತ್ರಿ ಮರಿಸ್ವಾಮಿಗೆ ಎಷ್ಟು ಕೊಬ್ಬು ನೋಡಿ! ಐನೋರು ಬಂದು ಕೂತವ್ರೆ, ಬಾಗಿಲು ನಿಲ್ಲಿಸೋ ಹೊತ್ತು ಮೀರ್ತಾ ಅದೆ, ಇವನು 'ಮೋಲ್ಡಿನ ದುಡ್ಡು ಮನೇಲದಾ ಯಜಮಾನ್ರೇ' ಅಂತ ಕೇಳ್ತಾನೆ. ನನ್ನ ದುಡ್ಡಿನ ಇಚಾರ ಇವನಿಗ್ಯಾಕೆ?"

"ಅದಾ ಮತ್ತೆ?" ಅಂದರು ನಮ್ಮ ಯಜಮಾನರು.

"ಮಗಳ ಮದುವೆ ಒಂದು ಕಳೀಲಿ, ಬತ್ತದೆ."

"ಅಂಗಾದ್ರೆ ಅವನು ಕೇಳಿದ್ದು ಸರಿಯಾಗೇ ಅದೆ ಬುಡಿ."

ಒಳಗಿದ್ದ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಬಾಗಿಲಿನ ಚೌಕಟ್ಟು ನಿಲ್ಲಿಸಿ ಪೂಜೆ ಮಾಡಿದರೆಂದರೆ ಮನೆ ಹುಟ್ಟಿತು ಅಂತ ಲೆಕ್ಕ. ಆಮೇಲೆ ಕೆಲಸ ನಿಲ್ಲಕೂಡದು. ಸೂರು ಕಾಣದ ಬಾಗಿಲು ಮನೆಯೊಡತಿಯನ್ನೇ ಬಲಿ ಬೇಡುತ್ತದೆ ಎಂದು ನಮ್ಮ ಬೀದಿಯ ಹೆಂಗಸರು ಹೇಳುತ್ತಿದ್ದರು. ಅದಕ್ಕೇ ಮರಿಸ್ವಾಮಿ ಚಾವಣಿಯ ದುಡ್ಡು, ಅವನ ಮಾತಿನ ಮೋಲ್ಡಿನ ದುಡ್ಡು, ಕಣ್ಣಿಗೆ ಕಾಣುವ ತನಕ ಯಾರ ಬಾಗಿಲನ್ನೂ ನಿಲ್ಲಿಸುತ್ತಿರಲಿಲ್ಲ.

ಯಜಮಾನರು ಹೋದ ಮೇಲೆ ನಾನು ನಂಜನಗೂಡಿನಲ್ಲಿ ಅವರು ಕೊಂಡಿಟ್ಟಿದ್ದ ಮನೆಗೆ ಬಂದೆ. ಹಿಂದಿನ ಎರಡು ಕೋಣೆ ಬಾಡಿಗೆಗೆ ಕೊಡುವುದಿತ್ತು. ಕೇಳಿಕೊಂಡು ಬಂದವನು ಹೆಸರು ಹೇಳಿದಾಗ ನನಗೆ ಗುರುತು ಹತ್ತಿತು.

"ರಾಮಯ್ಯನೋರ ಪೂಜೆ ಕೆಡಿಸಿದ ಮೇಸ್ತ್ರಿ ನೀನೇ ಏನಪ್ಪಾ?"

"ನಾನೇ ಕನವ್ವಾ. ನೀವೂ ಬೀಗ ಕೊಡೋ ಮುಂಚೆ ಬಾಡಿಗೆ ದುಡ್ಡು ಅದಾ ಅಂತ ಕೇಳ್ಬುಡಿ, ನಂಗೇನು ಬ್ಯಾಸರ ಇಲ್ಲ."

ಹಿಂದೆ ನಿಂತಿದ್ದ ಅವನ ಹೆಂಡತಿ ಗುರುಬಸಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಬಡಕಲು ಹೆಂಗಸು. ಕೊಡ ಎತ್ತಿದರೆ ಎರಡು ಕಡೆ ಇಳಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಮಕ್ಕಳಿರಲಿಲ್ಲ. ಗಂಡ ಕಟ್ಟಿ ಮುಗಿಸಿದ ಮನೆಗಳಲ್ಲಿ ಹಾಲು ಉಕ್ಕಿಸುವಾಗ ಇವಳು ಹೋಗಿ ಒಲೆಯ ಪಕ್ಕ ಕೂರಲೇಬೇಕು. ಬಂದವಳು ನನ್ನ ಬಳಿ ಅನ್ನುತ್ತಿದ್ದಳು, "ಊರೋರ ಹಾಲೆಲ್ಲ ಉಕ್ಕಿಸ್ಬುಟ್ಟೆ ಅವ್ವಾ, ನಂದು ಯಾವಾಗ್ಲೋ!" ಗಂಡನ ಹತ್ತಿರ ಮಾತ್ರ ಒಂದು ಸಲವೂ ಬಾಯಿ ಬಿಟ್ಟು ಕೇಳಿದವಳಲ್ಲ. ಕೇಳದೆ ಇದ್ದದ್ದೇ ಅವನನ್ನು ಚುಚ್ಚುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬ್ಯಾಂಕಿನವರು ಕರೆದು ಕರೆದು ಮನೆ ಸಾಲ ಕೊಡತೊಡಗಿದರು. ಬಡ್ಡಿ ಕಡಿಮೆ. ತಾಂಡ್ಯದ ಫ್ಯಾಕ್ಟರಿ ಗೇಟಿನಲ್ಲೇ ನಿಂತು ಕೆಲಸಗಾರರ ಕೈಗೆ ಕಾಗದ ತುರುಕುತ್ತಿದ್ದರಂತೆ. ಬೆಳೆ ಇದ್ದ ಹೊಲಗಳೆಲ್ಲ ಸೈಟಾದವು. ಮರಿಸ್ವಾಮಿಗೆ ಊಟಕ್ಕೂ ಪುರುಸೊತ್ತಿಲ್ಲ. ಹೆಮ್ಮರಗಾಲದ ರಸ್ತೆಯಲ್ಲಿ ತಾನೂ ಒಂದು ಸೈಟು ಕೊಂಡ. ಚಾವಣಿಗೆಂದು ದುಡ್ಡು ಬೇರೆಯಾಗಿ ಕೂಡಿಸುತ್ತಾ ಬಂದ.

ಆ ದುಡ್ಡಿನ ಮೇಲೆ ನಂಜುಂಡೇಶನ ಕಣ್ಣು ಬಿತ್ತು. ಕೆಟ್ಟವನಲ್ಲ ಆ ಹುಡುಗ, ಪೇಟೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಷೇರು ಕೊಡಿಸುತ್ತಿದ್ದ. ಬೆಂಗಳೂರಿನಲ್ಲಿ ಮನೆ ಕಟ್ಟಿ ಮಾರುವ ದೊಡ್ಡ ಕಂಪನಿಯೊಂದರ ಷೇರು ದಿನಾ ಏರುತ್ತಿದೆ ಎಂದ.

"ಷೇರು ಅಂದ್ರೇನಪ್ಪ?" ಎಂದು ಮರಿಸ್ವಾಮಿ ಕೇಳಿದ.

"ಪಾಲು ಮೇಸ್ತ್ರಿ, ಪಾಲು. ಆ ಕಂಪನೀಲಿ ನಿಮ್ದೂ ಒಂದು ಪಾಲು."

ಆ ಒಂದು ಮಾತು ಅವನನ್ನು ಕೆಡಿಸಿತು. ನಮ್ಮಲ್ಲಿ ಪಾಲು ಎಂದರೆ ಅಪ್ಪನಿಂದ ಬರುವುದು. ಅಣ್ಣತಮ್ಮಂದಿರು ಗೋಡೆ ಹಾಕಿಕೊಂಡು ಬೇರೆಯಾದರೂ ಪಾಲು ಪಾಲೇ, ಅದು ಕರಗುವುದಿಲ್ಲ, ಮಾನವಂತರು ಅದನ್ನು ಮಾರುವುದಿಲ್ಲ. ಚಾವಣಿಯ ದುಡ್ಡನ್ನೆಲ್ಲ ತಂದು ಪಾಲಿಗೆ ಹಾಕಿದ. ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಆ ಕಂಪನಿಯ ಕಟ್ಟಡ ನೋಡಲು ಬೆಂಗಳೂರಿಗೂ ಹೋಗಿಬಂದ. ಬಂದ ಮೇಲೆ ಗುರುಬಸಮ್ಮ ನಕ್ಕು ನಕ್ಕು ಹೇಳಿದಳು.

"ಗೇಟಲ್ಲಿ ವಾಚ್‌ಮನ್ ಬುಡ್ನಿಲ್ಲ ಕನವ್ವಾ. ಇವ್ರು, 'ನಮ್ದೂ ಪಾಲದೆ ಕನಯ್ಯ ಇದ್ರಲ್ಲಿ' ಅಂದ್ರು. ಅವನು ಇವರ ಕೈ ನೋಡ್ದ, 'ಗಾರೆ ಕೆಲ್ಸಕ್ಕಾದ್ರೆ ಇಂದ್ಲ ಗೇಟಿಗೋಗು' ಅಂದ!"

"ನಗು, ನಗು. ಇಂದ್ಲ ಗೇಟಿಂದ್ಲಾದ್ರೂ ಒಳಕ್ಕೋಗಿ ಗೋಡೆ ತಟ್ಟಿ ನೋಡ್ದೆ. ಗಟ್ಟಿಯಾಗದೆ," ಎಂದ ಮರಿಸ್ವಾಮಿ.

ಮುಂದಿನ ವರ್ಷ ವೈಶಾಖದಲ್ಲಿ ಅವನು ತನ್ನ ಸೈಟಿನಲ್ಲಿ ಬಾಗಿಲು ನಿಲ್ಲಿಸಿದ. ನಾನೇ ಕೇಳಿದೆ, "ಮೋಲ್ಡಿನ ದುಡ್ಡು ಮನೇಲದಾ ಮೇಸ್ತ್ರಿ?"

"ಮನೇಲಿಲ್ಲ, ಪಾಲಲ್ಲದೆ. ದಿನಾ ಬೆಳೀತಾ ಅದೆ. ಇನ್ನೊಂದೀಟು ಬೆಳೀಲಿ ಅವ್ವಾ, ಇವಳಿಗೆ ಮಹಡಿನೇ ಹಾಕ್ಸಿಕೊಡ್ತೀನಿ."

ಗುರುಬಸಮ್ಮ ಹೊಸ್ತಿಲಿಗೆ ಅರಿಶಿನ ಬಳಿದಳು. ಅವತ್ತು ಅವಳು ಒಂದು ಕಡೆಯೂ ಕೂರದೆ ಎಲ್ಲರಿಗೂ ಕೋಸಂಬರಿ ಹಂಚಿದಳು.

ಅಷ್ಟರಲ್ಲಾಗಲೇ ಬ್ಯಾಂಕಿನ ಬಡ್ಡಿ ಏರತೊಡಗಿತ್ತು. ನಮಗೆ ಅದು ಗೊತ್ತಾದದ್ದು ಪ್ರಹ್ಲಾದನಿಂದ. ಅವನು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಮರಿಸ್ವಾಮಿಯ ಕೈಯಲ್ಲಿ ಮನೆ ಕಟ್ಟಿಸಿ, ಮೇಲಿನ ಅಂತಸ್ತಿಗೂ ಕೆಲಸ ಒಪ್ಪಿಸಿದ್ದ. ಒಂದು ಸಂಜೆ ಬಂದು ಮೇಲಿನದು ಬೇಡ ಎಂದ.

"ಬಡ್ಡಿ ಏರಿಸಿದ್ದಾರೆ ಮೇಸ್ತ್ರಿ. ಕಂತು ಅಷ್ಟೇ ಅಂತೆ, ಕಟ್ಟೋ ವರ್ಷ ಮಾತ್ರ ಜಾಸ್ತಿ. ನಾನು ರಿಟೈರಾದ ಮೇಲೂ ಕಟ್ತಿರಬೇಕು. ಕೇಳಿದ್ರೆ ನಿಮ್ಮದು ಫ್ಲೋಟಿಂಗ್ ಬಡ್ಡಿ, ತೇಲುತ್ತೆ ಅಂತಾರೆ."

"ನಮ್ಮ ಕಪಿಲೇಲಿ ತೇಲ್ಬುಟ್ಟಿದ್ದೆಲ್ಲ ಕೆಳೀಕೋಯ್ತದೆ. ಇದ್ಯಾವ ಒಳೆ ಸಾ, ಮೇಲಕ್ಕೆ ತೇಲೋದು?" ಎಂದ ಮರಿಸ್ವಾಮಿ. ಇಬ್ಬರೂ ನಕ್ಕರು. ಮರಿಸ್ವಾಮಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಕಡೆಯ ಸಲ.

ಪ್ರಹ್ಲಾದನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಕೆಲಸ ನಿಲ್ಲಿಸಿದರು. ಕಟ್ಟಿಸಬೇಕೆಂದಿದ್ದವರು ಬಡ್ಡಿ ಇಳಿಯಲಿ ಎಂದು ಕಾದರು. ಕಂಪನಿಯ ಷೇರು ಮಾತ್ರ ಏರುತ್ತಲೇ ಇದ್ದದ್ದರಿಂದ ಮರಿಸ್ವಾಮಿಗೆ ಹೆದರಿಕೆಯಾಗಲಿಲ್ಲ. ಸಂಕ್ರಾಂತಿ ಕಳೆದ ಮರುವಾರ ಅದು ಮುಗ್ಗರಿಸಿತು. ಒಂದೇ ವಾರದಲ್ಲಿ ಎಷ್ಟೋ ಹೋಯಿತು. ನಂಜುಂಡೇಶ ಸೈಕಲ್ಲಿನಲ್ಲಿ ಓಡಿಬಂದ.

"ಮೇಸ್ತ್ರಿ, ಇವತ್ತೇ ಮಾರಿಬಿಡಿ. ಈಗ ಮಾರಿದ್ರೂ ಮೋಲ್ಡಿನ ದುಡ್ಡು ಕೈಗೆ ಬರುತ್ತೆ."

"ಗೋಡೆ ಬಿದ್ದೋದ್ವಾ?"

"ಗೋಡೆ ಯಾಕೆ ಬೀಳ್ತವೆ?"

"ಗೋಡೆ ನಿಂತೇ ಅವೆ ಅಂದ್ಮೇಲೆ ಪಾಲು ಎಂಗ್ಲಾ ಬೀಳ್ತದೆ?"

"ಬಡ್ಡಿ ಏರಿದ್ರೆ ಸಾಲ ಮಾಡಿ ಮನೆ ಕೊಳ್ಳೋರು ಬರಲ್ಲ. ಕಟ್ಟಿದ್ದು ಹಂಗೇ ಉಳಿಯುತ್ತೆ. ಕಂಪನಿನೂ ಸಾಲ ಮಾಡೇ ಕಟ್ಟಿರೋದು, ಅದಕ್ಕೂ ಬಡ್ಡಿ ಏರಿದೆ. ಲಾಭ ಬರಲ್ಲ ಅಂತ ಗೊತ್ತಾದೋರು ಮೊದಲೇ ಮಾರ್ಕೊಂಡು ಹೋಗ್ತಾವ್ರೆ. ನೀವೂ ಮಾರಿ ಅಣ್ಣ, ಕೈ ಮುಗೀತೀನಿ."

"ಪಾಲು ಮಾರೋದಾ? ನಮ್ಮ ವಂಸದಲ್ಲೇ ಪಾಲು ಮಾರ್ದೋರಿಲ್ಲ ಕಣ್ಲಾ. ಓಗು."

ಗುರುಬಸಮ್ಮ ಒಳಗೆ ನಿಂತು ಕೇಳಿಸಿಕೊಂಡಳು. ಮಾರಿ ಎಂದು ಅವಳೂ ಅನ್ನಲಿಲ್ಲ.

ಷೇರು ಮತ್ತೆ ಮೇಲೇಳಲಿಲ್ಲ. ಆ ಬೇಸಿಗೆ ಹೊತ್ತಿಗೆ ಎಲ್ಲವನ್ನೂ ಮಾರಿದರೂ ಚಾವಣಿ ಹಾಕುವಾಗ ಕೆಳಗೆ ಆನಿಸುವ ಸೆಂಟ್ರಿಂಗ್ ಹಲಗೆಯ ಬಾಡಿಗೆಗೆ ಸಾಲದು ಎನ್ನುವಂತಾಯಿತು. ಹೆಮ್ಮರಗಾಲದ ರಸ್ತೆಯಲ್ಲಿ ಬಾಗಿಲ ನೆತ್ತಿಯ ಲಿಂಟಲ್ಲಿನ ತನಕ ಎದ್ದ ಗೋಡೆ, ಅದರ ನಡುವೆ ಒಂಟಿ ಬಾಗಿಲು. ಮಳೆಯಲ್ಲಿ ಅದರ ಮರ ಕಪ್ಪಾಯಿತು. ಕೆಲಸವಿಲ್ಲದ ಮರಿಸ್ವಾಮಿ ಬೆಳಿಗ್ಗೆ ಎದ್ದು ಅಲ್ಲಿಗೆ ಹೋಗಿ ಕೂರುತ್ತಿದ್ದ. ಸಂಜೆ ಬರುತ್ತಿದ್ದ.

ಗುರುಬಸಮ್ಮನ ಕಾಲು ಊದಿಕೊಂಡಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿಯೇ ಇರುಳು ಕಳೆಯುತ್ತಿದ್ದಳು. ನೀರಿನ ನಲ್ಲಿಯ ಹತ್ತಿರ ಮಂಚಮ್ಮ ಎಂಬವಳು ಇವಳಿಗೆ ಕೇಳುವ ಹಾಗೇ, "ಸೂರಿಲ್ದ ಬಾಗ್ಲು ಸುಮ್ಕಿರ್ತದಾ?" ಎಂದಳಂತೆ. ಅವತ್ತಿನಿಂದ ಗುರುಬಸಮ್ಮ ನೀರಿಗೆ ಹೋಗುವುದನ್ನು ಬಿಟ್ಟಳು.

"ನಿಜವಾ ಅವ್ವಾ?" ಎಂದು ನನ್ನನ್ನು ಕೇಳಿದಳು.

"ಆ ಮುಂಡೇದರ ಬಾಯಿಗೆ ಬೂದಿ ಹಾಕ. ಸುಮ್ನಿರು," ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಲಿಲ್ಲ.

ಮೈಸೂರಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಎದೆಯ ಚಿತ್ರ ತೆಗೆಸಿ ನೋಡಿದರು. ಹೃದಯದೊಳಗಿನ ಕವಾಟ ಕೆಟ್ಟಿದೆ, ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಆದದ್ದು, ಆಪರೇಷನ್ ಮಾಡಿಸಿ ಎಂದರು. ಮರಿಸ್ವಾಮಿ ಸೈಟು ಮಾರಲು ಹೊರಟ. ಆಗ ಸೈಟು ಕೊಳ್ಳುವವರೆಲ್ಲಿದ್ದರು? ಬ್ಯಾಂಕಿನ ಬಡ್ಡಿ ಎಷ್ಟೆಂದು ಕೇಳಿದೊಡನೆ ಹಿಂದೆ ಸರಿಯುತ್ತಿದ್ದರು. ದುಡ್ಡಿದ್ದವರು ಒಬ್ಬಿಬ್ಬರು ಬಂದರು, ಬಾಗಿಲು ನಿಂತಿರುವುದನ್ನು ಕಂಡು ಒಳಗೆ ಕಾಲಿಡದೆ ರಸ್ತೆಯಿಂದಲೇ ತಿರುಗಿಹೋದರು. ನಾನು ನನ್ನ ಎರಡು ಬಳೆ ಕೊಟ್ಟೆ. ಅದು ಔಷಧಿಗೆ ಆಯಿತು, ಆಪರೇಷನ್ನಿಗೆ ಎಲ್ಲಿಂದ ಆದೀತು.

ಕಾರ್ತಿಕದಲ್ಲಿ ಗುರುಬಸಮ್ಮ ನಮ್ಮ ಹಿಂದಿನ ಕೋಣೆಯಲ್ಲೇ ತೀರಿಕೊಂಡಳು. ಬಾಡಿಗೆ ಮನೆಯಲ್ಲಿ.

ಮಣ್ಣು ಮಾಡಿ, ಕಾರ್ಯವೆಲ್ಲ ಕಳೆದ ಮೇಲೆ ಮರಿಸ್ವಾಮಿ ಕರಣೆ, ತೂಕದ ಗುಂಡು ಚೀಲಕ್ಕೆ ಹಾಕಿಕೊಂಡು ಕೇರಳಕ್ಕೆ ಕೂಲಿಗೆ ಹೊರಟ. ಅಲ್ಲಿಂದ ಅವನು ವಾಪಸು ಬರಲಿಲ್ಲ. ಎಲ್ಲಿದ್ದಾನೆಂದು ಯಾರೂ ಹೇಳಲಿಲ್ಲ. ಹೊರಟ ದಿನ ಗೇಟಿನ ತನಕ ಹೋದವನು ಚೀಲ ಕೆಳಗಿಟ್ಟು ಹಿಂದಿರುಗಿ ಬಂದ. ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತುಕೊಂಡ.

"ಅವ್ವಾ, ಡಾಕ್ಟ್ರು ಏಳಿದ್ದ ನೀವೂ ಕೇಳಿಸ್ಕಂಡ್ರಿ. ಚಿಕ್ಕೋಳಿದ್ದಾಗ ಬಂದ ಜ್ವರ ಅಂದ್ರು, ಅಲ್ವಾ?"

"ಹೂಂ ಕಣಪ್ಪ."

"ನಾನು ಎಷ್ಟು ಸಲ ಏಳ್ಕಂಡ್ರೂ ನಂಗೆ ನಂಬ್ಕೆ ಬತ್ತಾ ಇಲ್ಲ. ಬಾಗ್ಲಿಂದ ಅಲ್ಲ ಅಂತ ನಿಮ್ಮ ಬಾಯಲ್ಲಿ ಒಂದ್ಸಲ ಅಂದ್ಬುಡಿ ಅವ್ವಾ."