ಅರ್ಧ ಮೈದಾನಕ್ಕೆ ನೀರು

ನಾನು ಫುಟ್‌ಬಾಲ್ ಆಡಿ ಸಂಬಳ ತೆಗೆದುಕೊಂಡವನು. ಒಂದು ಇಲಾಖೆಯ ತಂಡದಲ್ಲಿ ಮೊಣಕಾಲು ಸಾಕೆನ್ನುವವರೆಗೆ ಆಡಿದೆ. ಆಮೇಲೆ ಅದೇ ಇಲಾಖೆಯ ಕುರ್ಚಿಯಲ್ಲಿ ಕುಳಿತು ನಿವೃತ್ತನಾಗಿ ಬ್ಯಾಡಗಿಗೆ ಬಂದೆ. ಇಲ್ಲಿ ಈ ಮಾತು ಹೇಳಿದರೆ ಜನ ನಗುತ್ತಾರೆ. "ಬರೇ ಒದ್ಯಾಕ ಪಗಾರ ಕೊಡ್ತಿದ್ರನ್ರಿ?" ಎಂದು ಕೇಳುತ್ತಾರೆ. ಒದೆಯುವುದಕ್ಕಲ್ಲ, ಬೆಳಿಗ್ಗೆ ಏಳುವುದಕ್ಕೆ ಕೊಡುತ್ತಿದ್ದರು ಎನ್ನುತ್ತೇನೆ. ಯಾರಿಗೂ ಅರ್ಥವಾಗುವುದಿಲ್ಲ. ಅರ್ಥ ಮಾಡಿಸುವ ಉತ್ಸಾಹವೂ ನನಗಿಲ್ಲ.

ಏಳುವುದನ್ನು ಕಲಿತದ್ದು ಹೊಸರಿತ್ತಿಯ ವಸತಿ ಶಾಲೆಯಲ್ಲಿ, ಓದುವ ಕಾಲಕ್ಕೆ. ಗಂಟೆ ಬಾರಿಸಿದರೆ ಏಳುತ್ತಿದ್ದೆವು. ಹಾಸಿಗೆ ಮಡಚಿ, ಅಂಗಳ ಗುಡಿಸಿ, ನೀರು ಚಿಮುಕಿಸಿದ ಮೇಲೆ ಪ್ರಾರ್ಥನೆ. ಅಂಗಳ ಗುಡಿಸದವನಿಗೆ ಪ್ರಾರ್ಥನೆಯಲ್ಲಿ ಜಾಗವಿರಲಿಲ್ಲ. ಬ್ಯಾಡಗಿಯ ತಂಡವನ್ನು ಕೈಗೆ ತೆಗೆದುಕೊಂಡಾಗ ನಾನು ಹಾಕಿದ ಮೊದಲ ನಿಯಮವೂ ಅದೇ: ಮೈದಾನ ಗುಡಿಸಿ ನೀರು ಹಾಕದೆ ಚೆಂಡು ಚೀಲದಿಂದ ಹೊರಗೆ ಬರುವುದಿಲ್ಲ.

ಬೇರೆ ಊರಿನಲ್ಲಿ ಇದು ಹಟವೆನಿಸಬಹುದು, ಬ್ಯಾಡಗಿಯಲ್ಲಿ ಅಲ್ಲ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಮಾರುಕಟ್ಟೆ ತುಂಬಿ ಚೀಲಗಳು ರಸ್ತೆಗೆ ಬರುತ್ತವೆ. ನಮ್ಮ ಮೈದಾನಕ್ಕೆ ಹೊಂದಿಕೊಂಡು ಒಬ್ಬ ಸಾವಕಾರರ ಗೋದಾಮು ಇದೆ. ತೊಯ್ದ ಕಾಯಿ ಬಂದರೆ ಅವರು ಮೈದಾನದಲ್ಲಿ ಒಣಗಲು ಹರಡಿಸುತ್ತಾರೆ. ಕಾಯಿ ಎತ್ತಿದ ಮೇಲೂ ಬೀಜ, ಸಿಪ್ಪೆ, ಪುಡಿ ಮಣ್ಣಿನಲ್ಲೇ ಉಳಿಯುತ್ತವೆ. ಚೆಂಡು ಬಿದ್ದಲ್ಲೆಲ್ಲ ಕೆಂಪು ಧೂಳು ಏಳುತ್ತದೆ. ಓಡುವವನು ಕೆಮ್ಮುತ್ತಾನೆ, ಅಷ್ಟೇ. ಗೋಲುಕೀಪರ್ ಮಾತ್ರ ಮುಖ ಕೆಳಗೆ ಮಾಡಿ ಆ ಧೂಳಿನಲ್ಲೇ ಬೀಳಬೇಕು.

ನಮ್ಮ ಗೋಲುಕೀಪರ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವನು. ಅವನ ತಂದೆಯದು ಮೈದಾನದ ಮೂಲೆಯಲ್ಲಿ ಚಹಾದಂಗಡಿ. ತಂದೆಯೊಡನೆ ಉರ್ದು, ನನ್ನೊಡನೆ ಕನ್ನಡ, ಚೆಂಡಿನೊಡನೆ ಮೌನ. ಇಡೀ ತಂಡದಲ್ಲಿ ಚೆಂಡಾಟದಿಂದ ಅನ್ನ ಉಣ್ಣುವ ಯೋಗ್ಯತೆ ಇದ್ದವನು ಅವನೊಬ್ಬನೇ. ನನ್ನ ಜೊತೆ ಆಡಿದ ಗೆಳೆಯನೊಬ್ಬ ಈಗ ನಮ್ಮ ಹಳೆಯ ಇಲಾಖೆಗೆ ಆಟಗಾರರನ್ನು ಆರಿಸುತ್ತಾನೆ. ರಾಣೆಬೆನ್ನೂರಿನ ತಂಡ ನಮ್ಮಲ್ಲಿಗೆ ಆಡಲು ಬರುವ ದಿನ ಅವನನ್ನು ಕರೆಸಿದೆ. ಆರಿಸಿದರೆ ಹುಡುಗನಿಗೆ ಸರಕಾರಿ ಕೆಲಸ, ಇಲ್ಲದಿದ್ದರೆ ಬೆನ್ನ ಮೇಲೆ ಚೀಲ. ವಯಸ್ಸಿನ ಮಿತಿ ಹತ್ತಿರ ಬಂದಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ಅವನ ತಂದೆಯಂತೂ ನನ್ನಿಂದ ಚಹಾದ ರೊಕ್ಕ ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದರು.

ಆ ವಾರವೇ ಸಾವಕಾರರು ಮೈದಾನದ ತುಂಬ ಕಾಯಿ ಹರಡಿಸಿದರು. ನಾನು ಗೋದಾಮಿಗೆ ಹೋದೆ.

"ಸಾವಕಾರ್ರ, ಆಟದ ಹಿಂದಿನ ದಿನಾ ಕಾಯಿ ಎತ್ತಬೇಕು."

"ಎತ್ತೋಣಂತ್ರಿ ಮಾಸ್ತರ್ರ. ಲಾರ್‍ಯಾಗ ತೊಯ್ಸಿಕೊಂಡು ಬಂದಾವು. ಒಣಗಲಿಲ್ಲಂದ್ರ ಬೂಷ್ಟ ಹಿಡಿತಾವು. ನಿಮ್ಮ ಚೆಂಡಿಗೇನ ಬೂಷ್ಟ ಹಿಡಿಯೂದಿಲ್ಲಲ್ಲ?"

"ಇವು ನಮ್ಮ ಕಾಯಿ ಅಲ್ಲ, ಗುಂಟೂರಿನ ಖಾರದ ಕಾಯಿ. ಇದರ ಪುಡಿ ಕಣ್ಣಾಗ ಹೋದ್ರ ಏನಾಕ್ಕೈತಿ ನಿಮಗ ಗೊತ್ತಿಲ್ಲೇನು?"

"ಗೊತ್ತಿರಲಾರದಕ ಏನ್ರಿ, ಮಾರೂದ ಅದನ್ನ." ಅವರು ತಕ್ಕಡಿಯಿಂದ ಕಣ್ಣು ಎತ್ತಲಿಲ್ಲ. "ನಿಮ್ಮ ಹುಡುಗರ ಅಂಗಿ ಮ್ಯಾಲ ನನ್ನ ಅಂಗಡಿ ಹೆಸರೈತಿ. ಈ ಚೀಲದ ಮ್ಯಾಲೂ ನನ್ನ ಹೆಸರೈತಿ. ಎರಡೂ ಒಂದ ಅಂಗಳದಾಗ ಇದ್ರ ತಪ್ಪೇನೈತಿ?"

"ಅಂಗಳ ನಿಮ್ಮದಲ್ಲ."

"ನಿಮ್ಮದೂ ಅಲ್ಲಲ್ರಿ."

ಆ ಮನುಷ್ಯನನ್ನು ನಾನು ಎಂದೂ ಸಹಿಸಿದವನಲ್ಲ, ಅವರೂ ನನ್ನನ್ನು ಸಹಿಸಿದವರಲ್ಲ. ಆದರೂ ಹಿಂದಿನ ದಿನ ಮಧ್ಯಾಹ್ನ ಕಾಯಿ ಎತ್ತಿಸಿದರು. ಬ್ಯಾಡಗಿಯಲ್ಲಿ ನಿಲ್ಲದ ರಾತ್ರಿ ರೈಲಿನಲ್ಲಿ ಬರುವ ಗೆಳೆಯನನ್ನು ಕರೆತರಲು ನಾನು ರಾಣೆಬೆನ್ನೂರಿನ ರೈಲ್ವೆ ನಿಲ್ದಾಣಕ್ಕೆ ಹೋಗಬೇಕಿತ್ತು. ಹೊರಡುವ ಮುಂಚೆ ತಂಡದ ಕ್ಯಾಪ್ಟನ್‌ನನ್ನು ಕರೆದೆ. ಅವನು ಸಾವಕಾರರ ಅಣ್ಣನ ಮಗ. ನಸುಕಿನಲ್ಲಿ ಟ್ಯಾಂಕರ್ ತರಿಸಿ, ಪೈಪು ಹಿಡಿದು, ಮೊದಲು ಎರಡೂ ಗೋಲಿನ ಮುಂದೆ, ಆಮೇಲೆ ಉಳಿದ ಕಡೆ ನೀರು ಇಂಗುವಂತೆ ಹಾಕಿಸು ಎಂದೆ. "ಆತ್ರಿ ಸರ್" ಎಂದ. ಬಹಳ ಬೇಗ ಎಂದ. ಅಭ್ಯಾಸಕ್ಕೆ ತಡವಾಗಿ ಬರುವವನು ಮಾತಿಗೆ ಮಾತ್ರ ಬೇಗ ಬರುತ್ತಾನೆ.

ಮರುದಿನ ರಾಣೆಬೆನ್ನೂರಿನಿಂದ ಹೊರಟ ಬಸ್ಸು ದಾರಿಯಲ್ಲಿ ನಿಂತು ನಿಂತು ಬಂತು. ನಾನೂ ಗೆಳೆಯನೂ ಮೈದಾನ ಮುಟ್ಟಿದಾಗ ಎರಡೂ ತಂಡಗಳು ಒಳಗಿದ್ದವು, ರೆಫರಿ ನಾಣ್ಯ ಹಿಡಿದು ನಡುಗೆರೆಯ ಕಡೆ ಹೊರಟಿದ್ದ. ನನ್ನ ಕಣ್ಣು ನೆಲದ ಮೇಲೆ ಹೋಯಿತು. ನಡುಗೆರೆಯ ಒಂದು ಕಡೆ ಮಣ್ಣು ತೊಯ್ದು ಕಪ್ಪಗಿತ್ತು. ಇನ್ನೊಂದು ಕಡೆ, ಗೋದಾಮಿನ ಕಡೆ, ಒಣಗಿ ಬಿಳಿಚಿಕೊಂಡಿತ್ತು.

"ಏನಿದು?" ಎಂದೆ ಕ್ಯಾಪ್ಟನ್‌ಗೆ.

"ಟ್ಯಾಂಕರ್ ಖಾಲಿ ಆತ್ರಿ ಸರ್."

"ಬರೋಬ್ಬರಿ ಗೆರಿಗೆ ಬಂದು ಖಾಲಿ ಆತು?"

ಹಿಂದೆ ಯಾರೋ ಕಿಸಕ್ಕೆಂದರು. ಕ್ಯಾಪ್ಟನ್ ದನಿ ತಗ್ಗಿಸಿದ. "ಗೋದಾಮಿನ ಬಾಜು ಅವ್ರು ನಿಲ್ತಾರಲ್ರಿ ಸರ್. ಅರ್ಧ ಆಟ ಕೆಮ್ಮಲಿ ಬಿಡ್ರಿ. ಅಷ್ಟರಾಗ ನಾವು ಗೋಲು ಹೊಡದ ಬಿಡ್ತೇವಿ. ಆಮ್ಯಾಲೆ ಬೇಕಾದ್ರ ನಾವೂ ಕೆಮ್ಮತೇವಿ."

ನಮ್ಮ ಮೈದಾನದಲ್ಲಿ ಒಂದು ರೂಢಿ ಇದೆ. ಬೆಳಗಿನ ಬಿಸಿಲು ಗೋದಾಮಿನ ಮೇಲಿಂದ ಬರುತ್ತದೆ. ಅದನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲುವ ಗೋಲನ್ನು ಮೊದಲ ಅರ್ಧದಲ್ಲಿ ಪರವೂರಿನವರಿಗೆ ಬಿಟ್ಟುಕೊಡುತ್ತೇವೆ, ಬಿಸಿಲನ್ನು ನಾವು ಮುಖದ ಮೇಲೆ ತೆಗೆದುಕೊಳ್ಳುತ್ತೇವೆ. ನಾಣ್ಯ ಹೆಸರಿಗೆ ಮಾತ್ರ. ಈ ಊರಿನ ಆಟದಲ್ಲಿ ಉಳಿದಿದ್ದ ಒಂದೇ ಒಂದು ಮರ್ಯಾದೆ ಅದು. ಇವರು ಅದನ್ನೇ ಬೋನು ಮಾಡಿದ್ದರು.

ರಾಣೆಬೆನ್ನೂರಿನ ಕ್ಯಾಪ್ಟನ್ ಕುರುಡನೇ? ಅವನು ನೆಲವನ್ನು ಆ ಕಡೆಯಿಂದ ಈ ಕಡೆಗೆ ನಿಧಾನ ನೋಡಿದ.

"ನೀವು ಆ ಕಡೆ ನಿಲ್ರಿ, ನಮ್ಮ ಪದ್ಧತಿ ಐತಿ" ಎಂದ ನಮ್ಮವನು.

"ಪ್ರತಿ ಸರ್ತಿ ನೀವ ಬಿಸಲು ತಿಂತೀರಿ, ಪಾಪ. ಇವತ್ತ ನಾವು ತಿಂತೇವಿ. ನಾಣ್ಯ ಹಾರಸ್ರಿ."

ನಾಣ್ಯ ಹಾರಿತು. ಅವನು ಗೆದ್ದ, ತೊಯ್ದ ಕಡೆ ಕೇಳಿದ. ನೀರು ಹಾಕಲು ಸ್ವಲ್ಪ ಸಮಯ ಕೊಡಿ ಎಂದು ನಾನು ರೆಫರಿಯನ್ನು ಕೇಳಿದೆ. ಆತ ಹಾವೇರಿಯಲ್ಲಿ ಇನ್ನೊಂದು ಆಟಕ್ಕೆ ಹೋಗಬೇಕಿತ್ತು. ಸೀಟಿ ಊದಿದ.

ಮೊದಲ ಚೆಂಡಿಗೆ ನಮ್ಮ ಹುಡುಗ ಎಡಕ್ಕೆ ಹಾರಿ ಹಿಡಿದ. ನನ್ನ ಗೆಳೆಯ "ಹಾಂ" ಎಂದ. ಅವನಿಂದ ಅಷ್ಟು ಮೆಚ್ಚುಗೆ ಬರುವುದೇ ಅಪರೂಪ. ಆದರೆ ಹುಡುಗ ಎದ್ದಾಗ ಮುಖವೆಲ್ಲ ಕೆಂಪು ಪುಡಿ, ಕಣ್ಣು ಮುಚ್ಚಿದ್ದವು. ಉಜ್ಜಬಾರದೆಂದು ಎಷ್ಟು ಸಲ ಹೇಳಿದ್ದೆ. ಉಜ್ಜಿದ, ಅದೇ ಪುಡಿ ಮೆತ್ತಿದ ಕೈಗವಸಿನಿಂದ. ಮುಂದಿನ ಚೆಂಡು ಅವನ ಪಕ್ಕದಿಂದಲೇ ಒಳಗೆ ಹೋಯಿತು. ನಮ್ಮ ಕ್ಯಾಪ್ಟನ್ ಸೀನುತ್ತ ಬಾಗಿ ನಿಂತಿದ್ದಾಗ ಇನ್ನೊಂದು ಹೋಯಿತು. ಬದಲಿ ಗೋಲುಕೀಪರ್ ಬರಲಿ ಎಂದು ಕೂಗಿದೆ. ಹುಡುಗ ಕೈ ಅಡ್ಡ ಆಡಿಸಿದ, ಗೋಲು ಬಿಟ್ಟು ಕದಲಲಿಲ್ಲ. ಅರೆಗಣ್ಣಿನಲ್ಲೇ ಕಾಲಿನಿಂದ, ಎದೆಯಿಂದ ಉಳಿದ ಚೆಂಡುಗಳನ್ನು ತಡೆದ.

ವಿರಾಮದಲ್ಲಿ ಅವನ ತಂದೆ ಅಂಗಡಿಯಿಂದ ನೀರು ತಂದು ಕಣ್ಣಿಗೆ ಹಾಕುತ್ತಿದ್ದರು. ನಾನು ಹುಡುಗನ ಮುಂದೆ ನಿಂತು ಕೇಳಿದೆ.

"ಅರ್ಧಕ್ಕ ನೀರು ಹಾಕೂದು ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ತ್ರಿ ಸರ್."

"ಪೈಪ ಯಾರ ಕೈಯಾಗಿತ್ತು?"

"ನನ್ನ ಕೈಯಾಗ."

"ಯಾಕ ನಿಲ್ಲಿಸಿದಿ?"

"ಎಲ್ಲಾರೂ ಸಾಕಂದ್ರು. ತಂಡ ಅಂದಮ್ಯಾಲ ಒಬ್ಬನ ಬ್ಯಾರೆ ಆಗಬಾರದಂತ ನೀವ ಹೇಳಿದ್ರಿ."

ಹೌದು, ಹೇಳಿದ್ದೆ. ಆ ಮಾತನ್ನು ನಾನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನಾನು ಆಡಿದ ತಂಡದಲ್ಲಿ ಒಬ್ಬ ಜಾಗ ತಪ್ಪಿದರೆ ಉಳಿದ ಹತ್ತು ಜನ ಅವನ ಮೇಲೆ ಹರಿಹಾಯುತ್ತಿದ್ದರು. ಬೈಗುಳ ತಿಂದವನು ರಾತ್ರಿ ನಮ್ಮ ಜೊತೆಗೇ ಉಣ್ಣುತ್ತಿದ್ದ. ಇಲ್ಲಿ ಎಲ್ಲರೂ ಕೂಡಿ ಬಾಯಿ ಮುಚ್ಚಿಕೊಂಡಿರುವುದಕ್ಕೆ ತಂಡ ಎನ್ನುತ್ತಾರೆ. ಹಾಗೆ ನೋಡಿದರೆ ಸಾವಕಾರರ ಗೋದಾಮಿನಲ್ಲಿ ಒಂದರ ಮೇಲೊಂದು ಬಿದ್ದಿರುವ ಚೀಲಗಳೂ ತಂಡವೇ.

ನಾವು ಹೀಗೆ ಮಾತಾಡುತ್ತಿದ್ದಾಗ ರಾಣೆಬೆನ್ನೂರಿನ ಹುಡುಗರು ಕೊಡ, ಬಕೆಟ್ಟು ಬೇಡಿ ತಂದು, ತಾವು ಹೋಗಬೇಕಾದ ಗೋಲಿನ ಮುಂದೆ ನೀರು ಸುರಿದರು. ಕ್ಯಾಪ್ಟನ್ ಆದವನೇ ಮೊದಲ ಕೊಡ ಹೊತ್ತ. ನಮ್ಮವರು ಕಿತ್ತಳೆಹಣ್ಣು ತಿನ್ನುತ್ತ ನೋಡಿದರು. ಉಳಿದ ಅರ್ಧದಲ್ಲಿ ಎರಡೂ ಕಡೆ ಗೋಲು ಆಗಲಿಲ್ಲ.

ಆಟ ಮುಗಿದಾಗ ಸಾವಕಾರರು ಗೋದಾಮಿನ ಬಾಗಿಲಿನಿಂದ ಕೂಗಿದರು. "ಮಾಸ್ತರ್ರ, ಸೋತ್ರಲ್ಲ. ಇನ್ನ ಮೈದಾನ ಖಾಲಿನ ಅಲ್ಲೇನ್ರಿ? ನಾಳೆ ಕಾಯಿ ಹಾಕಸ್ಲಿ?"

"ಹಾಕ್ರಿ. ನಾವೂ ಅದರ ಮ್ಯಾಲ ಓಡತೇವಿ."

ಗೆಳೆಯ ನನ್ನನ್ನು ಚಹಾದಂಗಡಿಯ ಬೆಂಚಿನ ಕಡೆ ಕರೆದ. ಹುಡುಗ ಅದೇ ಬೆಂಚಿನ ತುದಿಯಲ್ಲಿ ಕಣ್ಣ ಮೇಲೆ ಒದ್ದೆ ವಸ್ತ್ರ ಹಾಕಿಕೊಂಡು ಕುಳಿತಿದ್ದ. ತಂದೆ ಒಲೆಯ ಹತ್ತಿರ ನಿಂತಿದ್ದರು.

"ಕಣ್ಣ ಕಾಣಲಿಲ್ಲಂದ್ರೂ ಗೋಲಿನ ಜಾಗಾ ಬಿಡಲಿಲ್ಲ ನೋಡು ಇವ" ಎಂದ ಗೆಳೆಯ. "ನೀ ಹೂಂ ಅಂದ್ರ ಈಗ ಹೆಸರು ಬರಕೊಂಡ ಹೋಗತೇನಿ."

"ಆ ಅರ್ಧ ಒಣಾ ಬಿಟ್ಟ ಪೈಪ ಇವನ ಕೈಯಾಗಿತ್ತು."

ಗೆಳೆಯ ಹುಡುಗನನ್ನೂ ನನ್ನನ್ನೂ ನೋಡಿದ. "ಮತ್ತ?"

"ಈಗ ಬ್ಯಾಡ. ಮಳಿಗಾಲದಾಗ ನಿಮ್ಮ ಆಯ್ಕೆ ಶಿಬಿರ ಇರ್ತೈತಲ್ಲ, ಅಲ್ಲಿ ಕಳಸ್ತೇನಿ. ಅಲ್ಲಿ ನೋಡು."

"ವಯಸ್ಸು?"

"ಅವಗ ಅದಽ ಕಡೇ ಸರ್ತಿ."

"ನೀ ಬದಲಾಗಲಿಲ್ಲ ಬಿಡು. ನಿನ್ನ ಜೋಡಿ ಆಡೂದಕ್ಕಿಂತ ನಿನ್ನ ಎದುರಿಗೆ ಆಡೂದ ಹಗರ ಇತ್ತು" ಎಂದು ಚಹಾ ಕುಡಿದು ಎದ್ದ. ಹುಡುಗನ ತಂದೆ ನನ್ನ ಮುಂದಿನ ಲೋಟ ಎತ್ತಿಕೊಂಡರು. ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು. ನಾನು ರೊಕ್ಕ ಇಟ್ಟೆ. ಈ ಸಲ ತೆಗೆದುಕೊಂಡರು. ಅಲ್ಲಿಂದೀಚೆಗೆ ಆ ಅಂಗಡಿಯಲ್ಲಿ ನನಗೆ ಚಹಾ ಸಿಗುವುದಿಲ್ಲ.

ಕ್ಯಾಪ್ಟನ್ ಮತ್ತು ಅವನ ಗೆಳೆಯರು ಈಗ ಸಂಜೆ ಹೊತ್ತು ತಮ್ಮ ಪಾಡಿಗೆ ಆಡುತ್ತಾರೆ. ಮೈದಾನಕ್ಕೆ ನೀರು ಹಾಕುವುದಿಲ್ಲ, ಕೆಮ್ಮುತ್ತಾರೆ. ನಾನು ಹೇಗೆ ಅಭ್ಯಾಸ ಮಾಡಿಸುತ್ತೇನೆ ಎಂಬುದರ ಬಗ್ಗೆ ಊರಿನಲ್ಲಿ ಅವರು ಆಡುವ ಮಾತು ನನ್ನ ಕಿವಿಗೂ ಬರುತ್ತದೆ. ಒಬ್ಬ ಬಡವರ ಮಗನ ಅನ್ನ ಕಿತ್ತುಕೊಂಡ ಮುದುಕ ಎನ್ನುತ್ತಾರಂತೆ. ಪೈಪು ನಿಲ್ಲಿಸಲು ಹೇಳಿದ ಬಾಯಿಗಳೇ ಇದನ್ನೂ ಹೇಳುತ್ತವೆ.

ಆಟ ಸೋತ ಮರುದಿನ ಬೆಳಿಗ್ಗೆ ನಾನು ನನ್ನ ಹೊತ್ತಿಗೆ ಮೈದಾನಕ್ಕೆ ಹೋದೆ. ಯಾರೂ ಬರಲಾರರೆಂದು ತಿಳಿದೇ ಹೋದೆ. ಗೋದಾಮಿನ ಕಡೆಯ ಗೋಲಿನ ಮುಂದೆ ಹುಡುಗ ನಿಂತಿದ್ದ. ಕಣ್ಣು ಇನ್ನೂ ಊದಿದ್ದವು. ಮಣ್ಣು ತೊಯ್ದಿತ್ತು, ಬಕೆಟ್ಟು ಕಂಬದ ಪಕ್ಕದಲ್ಲಿತ್ತು. ನಮಸ್ಕಾರ ಮಾಡಲಿಲ್ಲ. ನಾನೂ ನಿರೀಕ್ಷಿಸಲಿಲ್ಲ. ಚೀಲ ಬಿಚ್ಚಿ ಚೆಂಡು ತೆಗೆದೆ.

"ಒದೀರಿ" ಎಂದ. 'ಸರ್' ಇರಲಿಲ್ಲ.

ಅಂದಿನಿಂದ ದಿನವೂ ಹೀಗೆಯೇ. ಅವನು ನನ್ನನ್ನು ದ್ವೇಷಿಸುತ್ತಾನೆ, ಮತ್ತು ಹೊತ್ತಿಗೆ ಸರಿಯಾಗಿ ಬರುತ್ತಾನೆ. ನನಗೆ ಬೇಕಾದದ್ದು ಎರಡನೆಯದು. ನಾನು ಒದ್ದ ಚೆಂಡನ್ನು ಹಾರಿ ಹಿಡಿದು, ಎದ್ದು, ನನ್ನ ಎದೆಗೇ ಗುರಿಯಿಟ್ಟು ಎಸೆಯುತ್ತಾನೆ. ನೋವಾಗುವಷ್ಟು ಜೋರಾಗಿ ಬರುತ್ತದೆ. ಗೋಲುಕೀಪರ್ ಎಸೆದ ಚೆಂಡು ಹಾಗೆಯೇ ಬರಬೇಕು. ಮೊದಲು ಅವನು ಅಷ್ಟು ಜೋರಾಗಿ ಎಸೆಯುತ್ತಿರಲಿಲ್ಲ.