ಬನ್ನಿ ಮೊದಲು ಯಾರು ಕೊಡಬೇಕು?

ಮೊನ್ನೆ ದಸರೆಯ ಸಂಜೆ ಇಳಕಲ್ಲಿನ ನಮ್ಮ ಓಣಿಯ ಗುಡಿಯಲ್ಲಿ ನಾನು ದೇವರ ಪರವಾಗಿ ವಕೀಲಿ ಮಾಡಿದೆ. ಕೇಸು ಗೆದ್ದೆ ಕೂಡ. (ಎದುರು ವಕೀಲ ಇರಲಿಲ್ಲ ಎಂಬುದು ಬೇರೆ ಮಾತು.)

ಭಜನಾ ಮೇಳದವರು ಕೊಟ್ಟ ವಿಷಯ: ದೇವರು ಯುದ್ಧವನ್ನು ಯಾಕೆ ತಡೆಯುವುದಿಲ್ಲ? ಬಾಂಗ್ಲಾ ಯುದ್ಧ ಮುಗಿದು ಇನ್ನೂ ವರ್ಷ ತುಂಬಿಲ್ಲ. ಗಡಿಯಿಂದ ಮಗ ತಿರುಗಿ ಬಂದವರೂ ಬರದವರೂ ಮುಂದೆ ಕುಳಿತಿದ್ದರು. ಹೆದರಬೇಕಿತ್ತು. ಮೈಕು ಕೈಗೆ ಬಂದ ಮೇಲೆ ನಾನು ಯಾರಿಗೂ ಹೆದರಿದವನಲ್ಲ.

ಕರ್ಮ ಎಂದೆ. ಧರ್ಮ ಎಂದೆ. ಲೀಲೆ ಎಂದೆ. ದೇವರೇ ಒಮ್ಮೆ ಸಂಧಾನಕ್ಕೆ ಹೋಗಿ ಬರಿಗೈಯಲ್ಲಿ ಬರಲಿಲ್ಲವೇ ಎಂದೆ. ಬುದ್ಧಿ ಕೊಡುವುದು ಅವನ ಕೆಲಸ, ಉಪಯೋಗಿಸುವುದು ನಮ್ಮ ಕೆಲಸ ಎಂದು ಟೇಬಲ್ ಗುದ್ದಿದೆ. ಚಪ್ಪಾಳೆ ಬಿತ್ತು. ಹಾರ ಬಿತ್ತು. ಹೊರಗೆ ಎಲ್ಲರೂ ಬನ್ನಿ ಹಂಚಲು ಶುರು ಮಾಡಿದರು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಹಿಂದೆ ಆಯುಧಗಳನ್ನು ಬಚ್ಚಿಟ್ಟಿದ್ದ ಮರದ ಎಲೆ ಅದು. ಸಣ್ಣವರು ದೊಡ್ಡವರ ಕೈಗಿಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂದು ಕಾಲು ಮುಟ್ಟಬೇಕು. ಅಲ್ಲಿಗೆ ವರ್ಷದ ಜಗಳವೆಲ್ಲ ಮುಗಿಯಿತು.

ಎದುರಿಗೆ ಸಂಗಪ್ಪ ಬಂದ. ನನ್ನ ಕಾಕಾನ ಮಗ, ಪಕ್ಕದ ಮನೆಯವನು. ಅವನ ಕೈಯಲ್ಲೂ ಬನ್ನಿ, ನನ್ನ ಕೈಯಲ್ಲೂ ಬನ್ನಿ. ಅವನು ಆಕಾಶ ನೋಡಿದ. ನಾನು ಗುಡಿಯ ಶಿಖರ ನೋಡಿದೆ. ಇಬ್ಬರೂ ದಾಟಿ ಹೋದೆವು.

ಹೋದ ಚಳಿಗಾಲದಲ್ಲಿ ಇದೇ ಸಂಗಪ್ಪನ ರೇಡಿಯೋ ಮುಂದೆ ಒಂದೇ ಚಾಪೆಯ ಮೇಲೆ ಕುಳಿತು ಯುದ್ಧದ ಸುದ್ದಿ ಕೇಳಿದವರು ನಾವು. ಆಮೇಲೆ ಏನಾಯಿತು? ಬ್ಯಾಸಗಿಯಲ್ಲಿ ಅವನು ತನ್ನ ಬೀಗರಿಗೆ ಮಿರ್ಚಿಭಜಿ ತರಿಸಿ, ನನ್ನ ಅಂಕಣ ಬಂದ ಪೇಪರಿನ ಮೇಲೆಯೇ ಸುರುವಿದ. ನನ್ನ ಫೋಟೋದ ಮೂಗಿನ ಮೇಲೆ ಎಣ್ಣೆ. ಬೀಗರು ನಕ್ಕರು. ನಾನು ಮಾತು ಬಿಟ್ಟೆ. (ನಗಬೇಡಿ. ಇದಕ್ಕಿಂತ ಸಣ್ಣ ಕಾರಣಕ್ಕೆ ರಾಜ್ಯಗಳು ಮುಳುಗಿವೆ.)

ಬನ್ನಿ ಕೊಟ್ಟರೆ ಮುಗಿಯುತ್ತಿತ್ತು. ಆದರೆ ಯಾರು ಕೊಡಬೇಕು? ನಾವಿಬ್ಬರೂ ಒಂದೇ ಶ್ರಾವಣದಲ್ಲಿ, ಒಂದೇ ಮನೆಯಲ್ಲಿ ಹುಟ್ಟಿದವರು. ಸಾಲಿ ಮಾಸ್ತರರು ಇಬ್ಬರ ಹೆಸರಿನ ಮುಂದೂ ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಂಡರು. ನಾನೇ ದೊಡ್ಡವ ಎಂದು ನಾನು, ತಾನೇ ದೊಡ್ಡವ ಎಂದು ಅವನು. ಹೋದ ವರ್ಷದವರೆಗೆ ಯಾರು ಮೊದಲು ಕೊಟ್ಟರೆಂದು ಯಾರು ನೋಡಿದ್ದರು? ಈಗ ಮಾತ್ರ ಎಲೆ ಕೊಟ್ಟವನು ತಮ್ಮನಾಗಿಬಿಡುತ್ತಾನೆ.

ಖರೆ ಗೊತ್ತಿರುವುದು ಒಬ್ಬಳಿಗೇ, ನಮ್ಮ ಸೋದರತ್ತಿ ನೀಲವ್ವನಿಗೆ. ನಮ್ಮಿಬ್ಬರ ಹೊಕ್ಕಳಬಳ್ಳಿ ಕತ್ತರಿಸಿದವಳು ಅವಳು. ಹಾರ ತೆಗೆಯದೆ ನೇರ ಅವಳ ಮನೆಗೆ ಹೋದೆ. ಪಡಸಾಲೆಯಲ್ಲಿ ಎರಡು ತಾಟು ಇಟ್ಟು, ಹೋಳಿಗೆ ಮುಚ್ಚಿ, ಗೋಡೆಗೆ ಒರಗಿ ಕುಳಿತಿದ್ದಳು. ದಸರೆಯ ದಿನ ನಮ್ಮಿಬ್ಬರಿಗೆ ಉಣಿಸಿಯೇ ಅವಳು ಉಣ್ಣುವುದು. ಮುಂಜಾನೆಯಿಂದ ಬರಿ ಚಹಾದ ಮೇಲೆ ಇದ್ದಳು. ಮುಖ ಬಾಡಿತ್ತು.

“ಅತ್ತಿ, ಯಾರು ದೊಡ್ಡವ್ರು ಹೇಳಿಬಿಡು. ಜಗಳ ಮುಗೀತದ.”

“ಹೇಳೂದಿಲ್ಲ.”

“ನಿನಗ ಗೊತ್ತೈತೆಲ್ಲ?”

“ಗೊತ್ತೈತಿ. ನಾ ಹೇಳಿದ್ರ ಸಣ್ಣಾವ ಬಂದು ಕಾಲ ಮುಟ್ತಾನ, ನನ್ನ ಮಾತಿಗೆ. ಮನಸಿಗೆ ಬಂದು ಮುಟ್ಟೂದಿಲ್ಲ. ಅಂಥಾ ಬನ್ನಿ ತಗೊಂಡು ಏನ್ ಮಾಡ್ತಿ?”

ಅರೇ, ಈ ಪಾಯಿಂಟು ನನ್ನ ಭಾಷಣದಲ್ಲೇ ಇರಲಿಲ್ಲ! ದೇವರು ಯಾಕೆ ಅಡ್ಡ ಬರುವುದಿಲ್ಲ ಎಂಬುದಕ್ಕೆ ಎಂಥ ಚೆಂದದ ಉತ್ತರ. ಮುಂದಿನ ಸಲ ಹೇಳಬೇಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಳ್ಳುತ್ತಾ ಕುಳಿತೆ.

“ಲೇ ಮಲ್ಲ್ಯಾ,” ಎಂದಳು ಅತ್ತಿ. “ದೇವ್ರು ಯಾಕ ಸುಮ್ಮ ಕುಂತಾನಂತ ಊರಿಗೆಲ್ಲ ಹೇಳಿ ಬಂದಿ. ನೀ ಯಾಕ ಸುಮ್ಮ ಕುಂತಿ? ನನಗ ಹಸಿವಾಗೈತಿ.”

ನಾಚಿಕೆಯಾಯಿತು. ಹಾರ ತೆಗೆದಿಟ್ಟು ಎದ್ದೆ. ಸಂಗಪ್ಪನ ಬಾಗಿಲು ಬಡಿದೆ. ಅವನು ನನ್ನ ಕೈಯ ಎಲೆ ನೋಡಿ ಹುಬ್ಬು ಏರಿಸಿದ.

“ಅಣ್ಣ ಅಂತ ಬಂದಿಯೋ, ತಮ್ಮ ಅಂತ ಬಂದಿಯೋ?”

“ಅತ್ತಿ ಮುಂಜಾನಿಂದ ಉಂಡಿಲ್ಲ ಅಂತ ಬಂದೇನಿ.”

ಅವನು ತನ್ನ ಬನ್ನಿ ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹೊರಟ. ದಾರಿಯಲ್ಲಿ ಎಲೆ ಅವನ ಕೈಗೆ ಹೋಯಿತು, ಅವನದು ನನ್ನ ಕೈಗೆ ಬಂತು. ಕತ್ತಲಾಗಿತ್ತು, ಯಾರದು ಮೊದಲು ಎಂದು ಇಬ್ಬರೂ ನೋಡಲಿಲ್ಲ. ಅತ್ತಿ ಮೂರನೆಯ ತಾಟು ತಂದು ನಮ್ಮ ಜೊತೆಗೇ ಕುಳಿತಳು. ಅವಳು ಮೊದಲ ತುತ್ತು ಬಾಯಿಗಿಟ್ಟ ಮೇಲೆಯೇ ನಾವು ತಾಟಿಗೆ ಕೈ ಹಾಕಿದೆವು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಆದರೆ ಹೋಳಿಗೆಗೆ ತುಪ್ಪ ಬಿದ್ದ ಕೂಡಲೇ ನಾಲಿಗೆ ತುರಿಸಿತು.

“ಅತ್ತಿ, ಈಗ ಜಗಳ ಇಲ್ಲ. ಸುಮ್ನ ಕೇಳ್ತೇನಿ. ಯಾರು ದೊಡ್ಡವ್ರು?”

ಸಂಗಪ್ಪನ ಕೈಯೂ ತಾಟಿನಲ್ಲೇ ನಿಂತಿತು. ಅತ್ತಿ ಇಬ್ಬರ ಮುಖವನ್ನೂ ನೋಡಿದಳು.

“ಹೇಳ್ತೇನಿ. ಹೇಳಿದ ಮ್ಯಾಲೂ ಇಬ್ರೂ ಕೂತು ಪೂರಾ ಉಂಡು ಏಳ್ತೀರೇನು?”

ನಾನು ಸಂಗಪ್ಪನನ್ನು ನೋಡಿದೆ. ಅವನು ನನ್ನನ್ನು ನೋಡಿದ. ಹೂಂ ಅನ್ನುವ ಬದಲು ಇಬ್ಬರೂ ಮತ್ತೊಂದು ಹೋಳಿಗೆಗೆ ಕೈ ಹಾಕಿದೆವು.

ನೀವೇ ಹೇಳಿ, ನಮ್ಮಂಥವರ ಮುಂದೆ ಯಾವ ದೇವರು ತಾನೇ ಬಾಯಿ ಬಿಟ್ಟಾನು?